ಅನಿಲಗಳ ಚಲನ ಸಿದ್ಧಾಂತ: ಒಂದು ಅಣುವಿನ ಡಿಕ್ಕಿಯಿಂದ ತಾಪಮಾನದವರೆಗೆ, ಹಂತ ಹಂತವಾಗಿ

ಪ್ರಥಮ ಪಿಯುಸಿ ಭೌತಶಾಸ್ತ್ರ ಓದುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಚಲನ ಸಿದ್ಧಾಂತದ ಸೂತ್ರಗಳೆಲ್ಲ ಬಾಯಿಗೆ ಬರುತ್ತವೆ, ಆದರೆ ಲೆಕ್ಕ ಎದುರಿಗೆ ಬಂದಾಗ ಯಾವುದನ್ನು ಹಾಕಬೇಕೆಂದು ಹೊಳೆಯುವುದಿಲ್ಲ. ಏನು ಮಾಡಲಿ?" ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಆಮೇಲೆ ವಿಜ್ಞಾನ ವಿಭಾಗಕ್ಕೆ ಬಂದವರಿಗೆ ಈ ಕಷ್ಟ ಇನ್ನೂ ಹೆಚ್ಚು. ಹೊಸ ಪದ, ಹೊಸ ಚಿಹ್ನೆ, ಹೊಸ ಗಣಿತ ಮೂರೂ ಒಟ್ಟಿಗೆ ಮೈಮೇಲೆ ಬೀಳುತ್ತವೆ.

ಅನಿಲದ ಒತ್ತಡ, ತಾಪಮಾನಗಳನ್ನು ಅದರ ಅಣುಗಳ ಓಟದಿಂದ ವಿವರಿಸುವುದೇ ಚಲನ ಸಿದ್ಧಾಂತ. ಈ ಅಧ್ಯಾಯದಲ್ಲಿ ಬಾಯಿಪಾಠ ಮಾಡಬೇಕಾದದ್ದು ಬಹಳ ಕಡಿಮೆ. ಇರುವುದು ಒಂದೇ ಒಂದು ಮುಖ್ಯ ಡೆರಿವೇಶನ್, ಅಂದರೆ ಮೂಲ ನಿಯಮಗಳಿಂದ ಸೂತ್ರವನ್ನು ಪಡೆಯುವ ಕ್ರಮ. ಅದರಲ್ಲಿ ಬರುವ 2 ಎಲ್ಲಿಂದ ಬಂತು, ಮೂರನೇ ಒಂದು ಎಲ್ಲಿಂದ ಬಂತು, ಯಾವ ಹೆಜ್ಜೆಯಲ್ಲಿ ಯಾವುದರ ಸರಾಸರಿ ತೆಗೆದೆವು ಎಂಬುದು ಗೊತ್ತಿದ್ದರೆ ಉಳಿದ ಸೂತ್ರಗಳೆಲ್ಲ ಅದರ ಬೆನ್ನಿಗೇ ಬರುತ್ತವೆ. ಅದಕ್ಕಾಗಿಯೇ ಇಲ್ಲಿ ಸೂತ್ರಗಳನ್ನು ಪಿ, ವಿ, ಟಿ ಎಂಬ ಚಿಹ್ನೆಗಳ ಬದಲು ಪದಗಳಲ್ಲಿ ಬರೆದಿದ್ದೇನೆ. ಪದಗಳಲ್ಲಿ ಹೇಳಲು ಬಂದ ಮೇಲೆ ನಿಮ್ಮ ಪಠ್ಯಪುಸ್ತಕದ ಚಿಹ್ನೆಗಳನ್ನು ಪಕ್ಕದಲ್ಲಿ ಬರೆದುಕೊಳ್ಳಿ.

ಶುರು ಮಾಡುವ ಮುಂಚೆ ಏನೇನು ಗೊತ್ತಿರಬೇಕು

ಸಂವೇಗ, ಅಂದರೆ ಮೊಮೆಂಟಮ್: ದ್ರವ್ಯರಾಶಿ × ವೇಗ. ಇದಕ್ಕೆ ದಿಕ್ಕು ಇದೆ. ನ್ಯೂಟನ್ನನ ಎರಡನೇ ನಿಯಮ: ಸಂವೇಗ ಬದಲಾಗುವ ದರವೇ ಬಲ. ಒತ್ತಡ: ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಜೊತೆಗೆ ಆದರ್ಶ ಅನಿಲದ ಸಮೀಕರಣ:

ಒತ್ತಡ × ಗಾತ್ರ = ಮೋಲ್‌ಗಳ ಸಂಖ್ಯೆ × ಅನಿಲ ಸ್ಥಿರಾಂಕ × ತಾಪಮಾನ

ಅನಿಲ ಸ್ಥಿರಾಂಕ 8.314 ಜೌಲ್ ಪ್ರತಿ ಮೋಲ್ ಪ್ರತಿ ಕೆಲ್ವಿನ್. ಒಂದು ಮೋಲ್ ಎಂದರೆ 6.022 × 10²³ ಕಣಗಳು. ಇದು ಅವೊಗಾಡ್ರೊ ಸಂಖ್ಯೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.38 × 10⁻²³ ಜೌಲ್ ಪ್ರತಿ ಕೆಲ್ವಿನ್, ಅದೇ ಬೋಲ್ಟ್ಸ್‌ಮನ್ ಸ್ಥಿರಾಂಕ. ಅನಿಲ ಸ್ಥಿರಾಂಕ ಒಂದು ಮೋಲಿಗೆ ಸೇರಿದ್ದು, ಬೋಲ್ಟ್ಸ್‌ಮನ್ ಸ್ಥಿರಾಂಕ ಒಂದು ಅಣುವಿಗೆ ಸೇರಿದ್ದು. ಈ ಎರಡನ್ನು ಅದಲುಬದಲು ಮಾಡಿಕೊಂಡೇ ಎಷ್ಟೋ ಮಂದಿ ಅಂಕ ಕಳೆದುಕೊಳ್ಳುತ್ತಾರೆ.

ಹಂತ 1: ಊಹೆಗಳನ್ನು ಕೆಲಸದ ಜೊತೆ ಕಲಿಯಿರಿ

ಪರೀಕ್ಷೆಯಲ್ಲಿ "ಚಲನ ಸಿದ್ಧಾಂತದ ಊಹೆಗಳನ್ನು ಬರೆಯಿರಿ" ಎಂದು ಕೇಳುತ್ತಾರೆ, ಎಲ್ಲರೂ ಪಟ್ಟಿ ಒಪ್ಪಿಸುತ್ತಾರೆ. ಪ್ರತಿ ಊಹೆಯ ಎದುರಿಗೆ ಅದು ಡೆರಿವೇಶನ್ನಿನಲ್ಲಿ ಎಲ್ಲಿ ಬಳಕೆಯಾಗುತ್ತದೆಂದು ಬರೆದುಕೊಂಡರೆ ಪಟ್ಟಿ ಮರೆಯುವುದಿಲ್ಲ.

ಅಣುಗಳು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಓಡುತ್ತವೆ, ಯಾವ ದಿಕ್ಕಿಗೂ ವಿಶೇಷ ಒಲವಿಲ್ಲ. ಮೂರನೇ ಒಂದು ಎಂಬ ಅಂಶ ಬರುವುದು ಇದರಿಂದ. ಡಿಕ್ಕಿಗಳೆಲ್ಲ ಸ್ಥಿತಿಸ್ಥಾಪಕ, ಅಂದರೆ ಡಿಕ್ಕಿಯಲ್ಲಿ ಒಟ್ಟು ಚಲನಶಕ್ತಿ ನಷ್ಟವಾಗುವುದಿಲ್ಲ. ಗೋಡೆಗೆ ಬಡಿದ ಅಣು ಅದೇ ಜವದಲ್ಲಿ (ಜವ ಎಂದರೆ ದಿಕ್ಕನ್ನು ಬಿಟ್ಟು ವೇಗದ ಪ್ರಮಾಣ ಮಾತ್ರ) ಹಿಂದಿರುಗುತ್ತದೆ ಎನ್ನಲು ಇದೇ ಆಧಾರ. ಪಾತ್ರೆಯ ಗಾತ್ರದ ಮುಂದೆ ಅಣುಗಳ ಸ್ವಂತ ಗಾತ್ರ ನಗಣ್ಯ, ಹಾಗಾಗಿ ಪಾತ್ರೆಯ ಗಾತ್ರವನ್ನೇ ನೇರವಾಗಿ ಬಳಸುತ್ತೇವೆ. ಡಿಕ್ಕಿಯ ಗಳಿಗೆ ಬಿಟ್ಟರೆ ಅಣುಗಳ ನಡುವೆ ಸೆಳೆತವೂ ಇಲ್ಲ, ತಳ್ಳಾಟವೂ ಇಲ್ಲ. ಆದ್ದರಿಂದ ಒಂದು ಡಿಕ್ಕಿಯಿಂದ ಇನ್ನೊಂದು ಡಿಕ್ಕಿಯವರೆಗೆ ಅಣು ನೇರ ಗೆರೆಯಲ್ಲಿ ಹೋಗುತ್ತದೆ, ಮತ್ತು ಆದರ್ಶ ಅನಿಲದ ಆಂತರಿಕ ಶಕ್ತಿಯೆಲ್ಲ ಚಲನಶಕ್ತಿಯೇ ಆಗಿರುತ್ತದೆ.

ಕೊನೆಯ ಎರಡು ಊಹೆಗಳು ಒತ್ತಡ ತುಂಬ ಹೆಚ್ಚಾದಾಗ ಅಥವಾ ತಾಪಮಾನ ತುಂಬ ಇಳಿದಾಗ ಕೈಕೊಡುತ್ತವೆ. ಆಗ ಬೇಕಾಗುವ ತಿದ್ದುಪಡಿಯನ್ನು ವಾನ್ ಡರ್ ವಾಲ್ಸ್ 1873ರಲ್ಲಿ ಕೊಟ್ಟರು. ಸದ್ಯಕ್ಕೆ ಅಷ್ಟು ಸಾಕು.

ಹಂತ 2: ಒಂದು ಅಣು, ಒಂದು ಗೋಡೆ

ಖಾಲಿ ಹಾಳೆಯ ಮೇಲೆ ಒಂದು ಘನಾಕೃತಿಯ ಡಬ್ಬಿ ಬರೆಯಿರಿ. ಒಳಗೆ ಒಂದೇ ಒಂದು ಅಣು. ಬಲಗಡೆಯ ಗೋಡೆಯನ್ನು ಮಾತ್ರ ನೋಡೋಣ.

ಅಣು ಓರೆಯಾಗಿ ಬಂದು ಬಡಿಯುತ್ತದೆ. ಕೇರಂ ಬೋರ್ಡಿನ ಅಂಚಿಗೆ ಸ್ಟ್ರೈಕರ್ ಓರೆಯಾಗಿ ಬಡಿದಾಗ ಆಗುವುದೇ ಇಲ್ಲೂ ಆಗುತ್ತದೆ: ಅಂಚಿನ ಉದ್ದಕ್ಕೂ ಇರುವ ವೇಗದ ಭಾಗ ಹಾಗೇ ಮುಂದುವರಿಯುತ್ತದೆ, ಅಂಚಿಗೆ ಲಂಬವಾಗಿರುವ ಭಾಗ ಮಾತ್ರ ತಿರುಗುಮುರುಗಾಗುತ್ತದೆ. ಆ ಲಂಬ ಭಾಗವನ್ನು "ಅಡ್ಡವೇಗ" ಎಂದು ಕರೆಯೋಣ. ಪುಸ್ತಕದಲ್ಲಿ ಇದು ಎಕ್ಸ್ ಘಟಕ.

ಬಡಿಯುವ ಮುಂಚೆ ಸಂವೇಗ ದ್ರವ್ಯರಾಶಿ × ಅಡ್ಡವೇಗ. ಬಡಿದ ಮೇಲೆ ಅಷ್ಟೇ, ಆದರೆ ಋಣ ಚಿಹ್ನೆಯೊಂದಿಗೆ. ಹಾಗಾಗಿ ಬದಲಾವಣೆ 2 × ದ್ರವ್ಯರಾಶಿ × ಅಡ್ಡವೇಗ. ಇಲ್ಲಿ ಬರುವ 2ರ ಮೂಲ ಇದೇ. ಬದಲಾವಣೆ ಸೊನ್ನೆ ಎಂದು ಬರೆಯುವವರು ದಿಕ್ಕನ್ನು ಮರೆತಿರುತ್ತಾರೆ.

ಮತ್ತೆ ಅದೇ ಗೋಡೆಗೆ ಬಡಿಯಬೇಕಾದರೆ ಅಣು ಎದುರು ಗೋಡೆಯವರೆಗೆ ಹೋಗಿ ವಾಪಸು ಬರಬೇಕು. ದೂರ ಡಬ್ಬಿಯ ಉದ್ದದ ಎರಡರಷ್ಟು, ಹಿಡಿಯುವ ಸಮಯ (2 × ಉದ್ದ) ÷ ಅಡ್ಡವೇಗ. ಸಂವೇಗದ ಬದಲಾವಣೆಯನ್ನು ಈ ಸಮಯದಿಂದ ಭಾಗಿಸಿದರೆ ಎರಡೂ 2ಗಳು ಹೊಡೆದುಹೋಗಿ ಉಳಿಯುವುದು:

ಗೋಡೆಯ ಮೇಲಿನ ಸರಾಸರಿ ಬಲ = ದ್ರವ್ಯರಾಶಿ × ಅಡ್ಡವೇಗದ ವರ್ಗ ÷ ಉದ್ದ

ವೇಗದ ವರ್ಗ ಯಾಕೆ ಬಂತು? ವೇಗ ಎರಡರಷ್ಟಾದರೆ ಪ್ರತಿ ಹೊಡೆತದ ಪೆಟ್ಟು ಎರಡರಷ್ಟು, ಜೊತೆಗೆ ಒಂದು ಸೆಕೆಂಡಿನಲ್ಲಿ ಬೀಳುವ ಹೊಡೆತಗಳೂ ಎರಡರಷ್ಟು. ಎರಡು ಎರಡಲ ನಾಲ್ಕು. ಇಡೀ ಅಧ್ಯಾಯದ ಜೀವ ಇಲ್ಲಿದೆ ಎಂದು ನಾನು ನಂಬುತ್ತೇನೆ, ಇದನ್ನು ದಾಟಿ ಮುಂದೆ ಓಡಬೇಡಿ.

ಎಚ್ಚರಿಕೆ: ಕೆಲವು ಪಠ್ಯಗಳು ಇದೇ ಫಲಿತಾಂಶವನ್ನು ಬೇರೆ ದಾರಿಯಲ್ಲಿ ತರುತ್ತವೆ. ಸಣ್ಣ ಅವಧಿಯೊಂದರಲ್ಲಿ ಗೋಡೆಗೆ ತಲುಪಬಲ್ಲಷ್ಟು ಹತ್ತಿರ ಇರುವ ಅಣುಗಳನ್ನು ಎಣಿಸಿ, ಅವುಗಳಲ್ಲಿ ಅರ್ಧ ಗೋಡೆಯ ಕಡೆಗೆ, ಅರ್ಧ ಆಚೆಗೆ ಹೋಗುತ್ತಿವೆ ಎನ್ನುತ್ತವೆ. ಅಲ್ಲಿ ಆ ಅರ್ಧ, ಸಂವೇಗದ 2ನ್ನು ಹೊಡೆದುಹಾಕುತ್ತದೆ. ಎರಡೂ ದಾರಿ ಸರಿ. ಒಂದು ದಾರಿಯ ಅರ್ಧವನ್ನು ಇನ್ನೊಂದು ದಾರಿಯ "2 × ಉದ್ದ"ದ ಜೊತೆ ಬೆರೆಸಿದರೆ ಉತ್ತರ ಅರ್ಧಕ್ಕೆ ಇಳಿಯುತ್ತದೆ. ಒಂದೇ ದಾರಿ ಹಿಡಿದು ಕೊನೆಯವರೆಗೆ ಹೋಗಿ.

"ನಡುದಾರಿಯಲ್ಲಿ ಇನ್ನೊಂದು ಅಣು ಡಿಕ್ಕಿ ಹೊಡೆದರೆ?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಒಂದು ಅಣುವಿನ ವೇಗ ಬದಲಾಗುತ್ತದೆ, ನಿಜ. ಆದರೆ ಸ್ಥಿರ ತಾಪಮಾನದ ಅನಿಲದಲ್ಲಿ ಇಂತಿಷ್ಟು ವೇಗದ ಅಣುಗಳು ಇಂತಿಷ್ಟು ಎಂಬ ಒಟ್ಟು ಹಂಚಿಕೆ ಬದಲಾಗುವುದಿಲ್ಲ; ಒಂದು ಅಣು ಆ ವೇಗ ಕಳೆದುಕೊಂಡರೆ ಮತ್ತೊಂದು ಅದನ್ನು ಪಡೆಯುತ್ತದೆ. ಗೋಡೆಗೆ ಬೇಕಾದದ್ದು ಒಟ್ಟು ಲೆಕ್ಕ ಮಾತ್ರ.

ಹಂತ 3: ಎಲ್ಲ ಅಣುಗಳನ್ನು ಕೂಡಿಸಿ, ಸರಾಸರಿ ತೆಗೆಯಿರಿ

ಬಲವನ್ನು ಗೋಡೆಯ ವಿಸ್ತೀರ್ಣದಿಂದ ಭಾಗಿಸಿ. ಉದ್ದ × ವಿಸ್ತೀರ್ಣ ಎಂದರೆ ಗಾತ್ರ. ಎಲ್ಲ ಅಣುಗಳನ್ನೂ ಸೇರಿಸಿದರೆ:

ಒತ್ತಡ × ಗಾತ್ರ = ಅಣುಗಳ ಸಂಖ್ಯೆ × ದ್ರವ್ಯರಾಶಿ × ಅಡ್ಡವೇಗದ ವರ್ಗದ ಸರಾಸರಿ

ಪೂರ್ಣ ವೇಗದ ವರ್ಗ ಎಂದರೆ ಮೂರು ಲಂಬ ದಿಕ್ಕುಗಳ ಘಟಕಗಳ ವರ್ಗಗಳ ಮೊತ್ತ. ಯಾವ ದಿಕ್ಕಿಗೂ ಒಲವಿಲ್ಲ ಎಂದ ಮೇಲೆ ಮೂರರ ಸರಾಸರಿಯೂ ಸಮ, ಅಂದರೆ ಅಡ್ಡವೇಗದ ವರ್ಗದ ಸರಾಸರಿ ಪೂರ್ಣ ವೇಗದ ವರ್ಗದ ಸರಾಸರಿಯ ಮೂರನೇ ಒಂದು:

ಒತ್ತಡ × ಗಾತ್ರ = ⅓ × ಅಣುಗಳ ಸಂಖ್ಯೆ × ದ್ರವ್ಯರಾಶಿ × ವೇಗದ ವರ್ಗದ ಸರಾಸರಿ

ಇಲ್ಲಿ "ವರ್ಗದ ಸರಾಸರಿ" ಬೇರೆ, "ಸರಾಸರಿಯ ವರ್ಗ" ಬೇರೆ. ಸೆಕೆಂಡಿಗೆ 200, 400, 600 ಮೀಟರ್ ಜವದ ಮೂರು ಅಣುಗಳಿವೆ ಎನ್ನಿ. ಸರಾಸರಿ ಜವ 400. ಈಗ ಮೊದಲು ವರ್ಗ ಮಾಡಿ: 40,000, 1,60,000, 3,60,000. ಮೊತ್ತ 5,60,000, ಸರಾಸರಿ ಸುಮಾರು 1,86,667, ಅದರ ವರ್ಗಮೂಲ ಸುಮಾರು 432. ಈ 432ನ್ನೇ ಆರ್‌ಎಂಎಸ್ (ರೂಟ್ ಮೀನ್ ಸ್ಕ್ವೇರ್, ಅಂದರೆ ವರ್ಗದ ಸರಾಸರಿಯ ವರ್ಗಮೂಲ) ವೇಗ ಎನ್ನುವುದು. ವರ್ಗ ಮಾಡಿದಾಗ ಜೋರಾಗಿ ಓಡುವ ಅಣುಗಳ ತೂಕ ಹೆಚ್ಚುತ್ತದೆ, ಅದಕ್ಕೇ ಇದು ಸಾಮಾನ್ಯ ಸರಾಸರಿಗಿಂತ ದೊಡ್ಡದು. ಮೂರನೆಯದೊಂದು ಜವವೂ ಇದೆ, ಅತಿ ಹೆಚ್ಚು ಅಣುಗಳಿಗೆ ಇರುವ ಜವ. ಯಾವ ಜವದ ಅಣುಗಳು ಎಷ್ಟು ಎಂದು ಹೇಳುವ ಮ್ಯಾಕ್ಸ್‌ವೆಲ್ ಹಂಚಿಕೆಯ ಪ್ರಕಾರ ಅತಿ ಸಂಭವನೀಯ ಜವ, ಸರಾಸರಿ ಜವ, ಆರ್‌ಎಂಎಸ್ ಜವ ಇವು 1.41 : 1.60 : 1.73 ಪ್ರಮಾಣದಲ್ಲಿರುತ್ತವೆ. ಬಹು ಆಯ್ಕೆ ಪ್ರಶ್ನೆಗಳಲ್ಲಿ ಈ ಏರಿಕೆ ಕ್ರಮ ಕೇಳುವುದುಂಟು.

ಹಂತ 4: ತಾಪಮಾನ ಎಲ್ಲಿಂದ ಬರುತ್ತದೆ

ಈವರೆಗೆ ತಾಪಮಾನದ ಹೆಸರೇ ಎತ್ತಿಲ್ಲ, ಬಳಸಿದ್ದು ನ್ಯೂಟನ್ನನ ನಿಯಮ ಮತ್ತು ಸರಾಸರಿ ಮಾತ್ರ. ಈಗ ನಿಮ್ಮ ಕೈಯಲ್ಲಿ ಒತ್ತಡ × ಗಾತ್ರಕ್ಕೆ ಎರಡು ಬೆಲೆಗಳಿವೆ: ಒಂದು ಪ್ರಯೋಗದಿಂದ ಬಂದ ಅನಿಲ ಸಮೀಕರಣ, ಇನ್ನೊಂದು ಹಂತ 3ರ ಫಲಿತಾಂಶ. ಎರಡನ್ನೂ ಸಮ ಮಾಡಿ, ಒಂದು ಅಣುವಿನ ಚಲನಶಕ್ತಿ ½ × ದ್ರವ್ಯರಾಶಿ × ವೇಗದ ವರ್ಗ ಎಂಬುದನ್ನು ನೆನೆದು ಜೋಡಿಸಿದರೆ:

ಒಂದು ಅಣುವಿನ ಸರಾಸರಿ ಸ್ಥಾನಾಂತರ ಚಲನಶಕ್ತಿ = 3/2 × ಬೋಲ್ಟ್ಸ್‌ಮನ್ ಸ್ಥಿರಾಂಕ × ತಾಪಮಾನ

ಸ್ಥಾನಾಂತರ ಎಂದರೆ ಜಾಗದಿಂದ ಜಾಗಕ್ಕೆ ಹೋಗುವ ಚಲನೆ. ಅಣು ಬುಗುರಿಯಂತೆ ತಿರುಗುವುದು ಇದರಲ್ಲಿ ಸೇರಿಲ್ಲ. ಸಮೀಕರಣದ ಬಲಗಡೆ ನೋಡಿ. ಅಣುವಿನ ದ್ರವ್ಯರಾಶಿ ಇಲ್ಲ, ಅನಿಲದ ಹೆಸರಿಲ್ಲ, ಒತ್ತಡವೂ ಇಲ್ಲ. 300 ಕೆಲ್ವಿನ್‌ನಲ್ಲಿ ಹೈಡ್ರೋಜನ್ ಇರಲಿ, ಆಕ್ಸಿಜನ್ ಇರಲಿ, ಈ ಶಕ್ತಿ 6.21 × 10⁻²¹ ಜೌಲ್.

ಒಂದೇ ತಾಪಮಾನದ ಬೇರೆ ಬೇರೆ ಅನಿಲಗಳಲ್ಲಿ ಅಣುಗಳ ಸರಾಸರಿ ಶಕ್ತಿ ಸಮ ಎಂಬ ಈ ಮಾತಿಗೆ ನಮ್ಮ ದೇಶದ ನಂಟೂ ಇದೆ. ಬೊಂಬಾಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾ ಕೆಡೆಟ್‌ಗಳಿಗೆ ಪಾಠ ಹೇಳುತ್ತಿದ್ದ ಸ್ಕಾಟ್ಲೆಂಡಿನ ಜಾನ್ ಜೇಮ್ಸ್ ವಾಟರ್‌ಸ್ಟನ್ ಇದನ್ನು ಬರೆದು 1845ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ್ದರು. ಪ್ರಬಂಧ ತಿರಸ್ಕೃತವಾಗಿ ಕಡತದಲ್ಲೇ ಉಳಿಯಿತು. ಲಾರ್ಡ್ ರೇಲೀ ಅದನ್ನು ಹುಡುಕಿ ತೆಗೆದು 1892ರಲ್ಲಿ ಅಚ್ಚು ಹಾಕಿಸುವ ಹೊತ್ತಿಗೆ ವಾಟರ್‌ಸ್ಟನ್ ಬದುಕಿರಲಿಲ್ಲ. ಅಷ್ಟರಲ್ಲಿ ಕ್ಲಾಸಿಯಸ್, ಮ್ಯಾಕ್ಸ್‌ವೆಲ್, ಬೋಲ್ಟ್ಸ್‌ಮನ್ ಸ್ವತಂತ್ರವಾಗಿ ಈ ದಾರಿಯಲ್ಲಿ ಬಹಳ ದೂರ ಹೋಗಿದ್ದರು.

ಹಂತ 5: ಆರ್‌ಎಂಎಸ್ ವೇಗದ ಲೆಕ್ಕ, ಏಕಮಾನಗಳ ಮೇಲೆ ಕಣ್ಣಿಟ್ಟು

ಹಂತ 4ರ ಸಮೀಕರಣದಿಂದ ನೇರವಾಗಿ:

ಆರ್‌ಎಂಎಸ್ ವೇಗ = √(3 × ಅನಿಲ ಸ್ಥಿರಾಂಕ × ತಾಪಮಾನ ÷ ಮೋಲಾರ್ ದ್ರವ್ಯರಾಶಿ)

27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಕ್ಸಿಜನ್ ಅಣುವಿನ ಆರ್‌ಎಂಎಸ್ ವೇಗ ಎಷ್ಟು? ತಾಪಮಾನ 27 + 273 = 300 ಕೆಲ್ವಿನ್. ಮೋಲಾರ್ ದ್ರವ್ಯರಾಶಿ, ಅಂದರೆ ಒಂದು ಮೋಲ್ ಅನಿಲದ ದ್ರವ್ಯರಾಶಿ, 32 ಗ್ರಾಂ, ಅದನ್ನು 0.032 ಕಿಲೋಗ್ರಾಂ ಎಂದು ಬರೆಯಿರಿ. 3 × 8.314 × 300 = 7482.6. ಇದನ್ನು 0.032ರಿಂದ ಭಾಗಿಸಿದರೆ ಸುಮಾರು 2,33,830. ವರ್ಗಮೂಲ ಸುಮಾರು 484 ಮೀಟರ್ ಪ್ರತಿ ಸೆಕೆಂಡ್.

ತಪ್ಪು ಆಗುವುದು ಮೂರು ಕಡೆ. ಗ್ರಾಂನಲ್ಲೇ 32 ಹಾಕಿದರೆ ಉತ್ತರ 15 ಬರುತ್ತದೆ. ಕೆಲ್ವಿನ್ ಮಾಡದೆ 27 ಹಾಕಿದರೆ 145 ಬರುತ್ತದೆ. ಆಕ್ಸಿಜನ್ ಅಣುವಿನಲ್ಲಿ ಎರಡು ಪರಮಾಣುಗಳಿವೆ ಎಂಬುದನ್ನು ಮರೆತು 16 ಗ್ರಾಂ ಹಿಡಿದರೆ 684 ಬರುತ್ತದೆ. ಉತ್ತರವನ್ನು ತಕ್ಷಣ ಪರೀಕ್ಷಿಸಲು ಒಂದು ಉಪಾಯವಿದೆ: 27 ಡಿಗ್ರಿಯಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 347 ಮೀಟರ್. ಶಬ್ದವನ್ನು ಒಯ್ಯುವುದು ಈ ಅಣುಗಳೇ ಆದ್ದರಿಂದ ಅವುಗಳ ಆರ್‌ಎಂಎಸ್ ವೇಗ ಅದಕ್ಕಿಂತ ಹೆಚ್ಚಿರಲೇಬೇಕು, ಆದರೆ ಎಷ್ಟೋ ಪಟ್ಟು ಹೆಚ್ಚಿರುವುದಿಲ್ಲ. 15 ಮತ್ತು 145 ತಪ್ಪೆಂದು ಅಲ್ಲೇ ಗೊತ್ತಾಗುತ್ತದೆ.

ಇದೇ ತಾಪಮಾನದಲ್ಲಿ ಹೈಡ್ರೋಜನ್‌ಗೆ ಸುಮಾರು 1934 ಬರುತ್ತದೆ, ಆಕ್ಸಿಜನ್‌ಗಿಂತ ಸರಿಯಾಗಿ ನಾಲ್ಕು ಪಟ್ಟು, ಏಕೆಂದರೆ 32 ÷ 2 = 16, ಅದರ ವರ್ಗಮೂಲ 4. ಭೂಮಿಯಿಂದ ತಪ್ಪಿಸಿಕೊಳ್ಳಲು ಬೇಕಾದ ವೇಗ ಸೆಕೆಂಡಿಗೆ 11.2 ಕಿಲೋಮೀಟರ್. 1.9 ಕಿಲೋಮೀಟರ್ ಅದಕ್ಕೆ ಸಾಲದು, ಹಾಗಿದ್ದೂ ನಮ್ಮ ವಾಯುಮಂಡಲದಲ್ಲಿ ಹೈಡ್ರೋಜನ್ ಹೆಚ್ಚುಕಡಿಮೆ ಉಳಿದೇ ಇಲ್ಲ. ಆರ್‌ಎಂಎಸ್ ಒಂದು ಸರಾಸರಿ ಮಾತ್ರ. ಸರಾಸರಿಗಿಂತ ಬಹಳ ವೇಗವಾಗಿ ಓಡುವ ಕೆಲವು ಅಣುಗಳು ಸದಾ ಇರುತ್ತವೆ. ವಾಯುಮಂಡಲದ ಮೇಲುಸ್ತರದಲ್ಲಿ ತಾಪಮಾನವೂ ಹೆಚ್ಚು. ಅಲ್ಲಿಂದ ಕೋಟಿಗಟ್ಟಲೆ ವರ್ಷಗಳಲ್ಲಿ ಅವು ಸೋರಿಹೋಗುತ್ತವೆ.

ಹಂತ 6: ಹೋಲಿಕೆಯ ಲೆಕ್ಕಗಳು

ಸಿಇಟಿ, ನೀಟ್‌ಗಳಲ್ಲಿ ಕೇಳುವ ಎಷ್ಟೋ ಪ್ರಶ್ನೆಗಳು ಈ ಬಗೆಯವು. "27 ಡಿಗ್ರಿಯ ಅನಿಲದ ಆರ್‌ಎಂಎಸ್ ವೇಗ ಎರಡರಷ್ಟಾಗಬೇಕಾದರೆ ತಾಪಮಾನ ಎಷ್ಟಿರಬೇಕು?" 54 ಡಿಗ್ರಿ ಎಂದು ಗುರುತು ಹಾಕಬೇಡಿ. ವೇಗ ತಾಪಮಾನದ ವರ್ಗಮೂಲಕ್ಕೆ ಅನುಪಾತದಲ್ಲಿದೆ, ಆದ್ದರಿಂದ ಕೆಲ್ವಿನ್ ತಾಪಮಾನ ನಾಲ್ಕು ಪಟ್ಟಾಗಬೇಕು: 1200 ಕೆಲ್ವಿನ್, ಅಂದರೆ 927 ಡಿಗ್ರಿ ಸೆಲ್ಸಿಯಸ್. 54 ಡಿಗ್ರಿಗೆ ಏರಿಸಿದರೆ ವೇಗ ಹೆಚ್ಚುವುದು ಬರೀ ಶೇಕಡ 4ರಷ್ಟು.

ಇನ್ನೊಂದು ಬಲೆ ಟೈರಿನದು. ಪೆಟ್ರೋಲ್ ಬಂಕಿನಲ್ಲಿ ಕಾರಿನ ಟೈರಿಗೆ ಗಾಳಿ ಹಿಡಿಸುವಾಗ ಗೇಜು 32 ಪಿಎಸ್‌ಐ (ಒತ್ತಡದ ಒಂದು ಏಕಮಾನ) ತೋರಿಸುತ್ತದೆ. ಅದು ಟೈರಿನೊಳಗಿನ ನಿಜವಾದ ಒತ್ತಡವಲ್ಲ, ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದಷ್ಟೇ. ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡ ಸುಮಾರು 14.7 ಪಿಎಸ್‌ಐ, ಆದ್ದರಿಂದ ಒಳಗಿರುವುದು 46.7. ಬೆಳಿಗ್ಗೆ 17 ಡಿಗ್ರಿ ಇದ್ದ ಟೈರಿನ ಗಾಳಿ ಓಟದಲ್ಲಿ 47 ಡಿಗ್ರಿಗೆ ಏರಿತು, ಟೈರಿನ ಗಾತ್ರ ಬದಲಾಗಲಿಲ್ಲ ಎಂದುಕೊಳ್ಳಿ. 46.7 × 320 ÷ 290 = 51.5. ಗೇಜು ತೋರಿಸುವುದು 51.5 − 14.7, ಅಂದರೆ 36.8. ನೇರವಾಗಿ 32ನ್ನು ಗುಣಿಸಿದವರಿಗೆ 35.3 ಬರುತ್ತದೆ. ಅನಿಲ ಸಮೀಕರಣಕ್ಕೆ ಯಾವಾಗಲೂ ಪೂರ್ಣ ಒತ್ತಡವನ್ನೇ ಕೊಡಿ.

ಅಡುಗೆಮನೆಯ ಕುಕ್ಕರನ್ನು ಈ ಸಮೀಕರಣಕ್ಕೆ ಉದಾಹರಣೆಯಾಗಿ ಬರೆಯಬೇಡಿ. ಅಲ್ಲಿ ಬಿಸಿಯೇರಿದಂತೆ ನೀರು ಆವಿಯಾಗುತ್ತ ಅಣುಗಳ ಸಂಖ್ಯೆಯೇ ಹೆಚ್ಚುತ್ತಿರುತ್ತದೆ. ಸಂಖ್ಯೆ ಸ್ಥಿರ ಎಂದು ಹಿಡಿದ ಅನುಪಾತ ಅಲ್ಲಿ ನಿಲ್ಲುವುದಿಲ್ಲ.

ಹಂತ 7: ಸ್ವಾತಂತ್ರ್ಯ ಮಾನಗಳು

ಅಣು ಎಷ್ಟು ಸ್ವತಂತ್ರ ರೀತಿಗಳಲ್ಲಿ ಶಕ್ತಿಯನ್ನು ಇಟ್ಟುಕೊಳ್ಳಬಲ್ಲದು ಎಂಬ ಎಣಿಕೆಯೇ ಸ್ವಾತಂತ್ರ್ಯ ಮಾನ. ಹೀಲಿಯಂ ಥರದ ಒಂಟಿ ಪರಮಾಣುವಿಗೆ ಮೂರು ದಿಕ್ಕಿನ ಓಟ ಮಾತ್ರ, 3. ನೈಟ್ರೋಜನ್, ಆಕ್ಸಿಜನ್ ಥರದ ಜೋಡಿ ಅಣುವಿಗೆ ಇನ್ನೆರಡು ರೀತಿಯ ತಿರುಗುವಿಕೆ ಸೇರಿ 5. ಪ್ರತಿ ಮಾನಕ್ಕೂ ಸರಾಸರಿ ½ × ಬೋಲ್ಟ್ಸ್‌ಮನ್ ಸ್ಥಿರಾಂಕ × ತಾಪಮಾನದಷ್ಟು ಶಕ್ತಿ ಸಲ್ಲುತ್ತದೆ. ಇದೇ ಶಕ್ತಿಯ ಸಮವಿಭಾಗ ನಿಯಮ.

ಗಾತ್ರ ಸ್ಥಿರವಿದ್ದಾಗ ಒಂದು ಮೋಲಿನ ಉಷ್ಣಧಾರಣೆ, ಅಂದರೆ ತಾಪಮಾನ ಒಂದು ಕೆಲ್ವಿನ್ ಏರಲು ಬೇಕಾದ ಶಾಖ, ಒಂಟಿ ಪರಮಾಣುವಿನ ಅನಿಲಕ್ಕೆ ಅನಿಲ ಸ್ಥಿರಾಂಕದ 3/2 ಪಟ್ಟು (12.5), ಜೋಡಿ ಅಣುವಿನ ಅನಿಲಕ್ಕೆ 5/2 ಪಟ್ಟು (20.8). ಒತ್ತಡ ಸ್ಥಿರವಿದ್ದಾಗ ಇನ್ನೊಂದು ಅನಿಲ ಸ್ಥಿರಾಂಕ ಸೇರಿಸಿ. ಎರಡರ ಅನುಪಾತ ಕ್ರಮವಾಗಿ 1.67 ಮತ್ತು 1.40.

ಜೋಡಿ ಅಣು ಸ್ಪ್ರಿಂಗಿನಂತೆ ಕಂಪಿಸಬಲ್ಲದಲ್ಲ, ಅದನ್ನೇಕೆ ಎಣಿಸಲಿಲ್ಲ? ಕೋಣೆಯ ತಾಪಮಾನದಲ್ಲಿ ಆ ಕಂಪನಕ್ಕೆ ಬೇಕಾದ ಕನಿಷ್ಠ ಶಕ್ತಿಯ ಕಂತು ಡಿಕ್ಕಿಗಳಲ್ಲಿ ಸಿಗುವುದೇ ಅಪರೂಪ. ಈ ವಿವರಣೆಗೆ ಕ್ವಾಂಟಂ ಸಿದ್ಧಾಂತ ಬರಬೇಕಾಯಿತು. ಅಳೆದ ಉಷ್ಣಧಾರಣೆಗೂ ತನ್ನ ಸಿದ್ಧಾಂತಕ್ಕೂ ತಾಳೆಯಾಗದಿದ್ದುದು ಮ್ಯಾಕ್ಸ್‌ವೆಲ್‌ನನ್ನೇ ಕಾಡಿತ್ತು. ಪ್ರಶ್ನೆಯಲ್ಲಿ ತಾಪಮಾನ ಬಹಳ ಹೆಚ್ಚೆಂದೋ ಕಂಪನವನ್ನೂ ಗಣಿಸಿ ಎಂದೋ ಹೇಳದಿದ್ದರೆ 5ನ್ನೇ ಬಳಸಿ.

ಹಂತ 8: ಸರಾಸರಿ ಮುಕ್ತ ಪಥ

ಅಣುಗಳು ಸೆಕೆಂಡಿಗೆ ನೂರಾರು ಮೀಟರ್ ಓಡುವುದಾದರೆ, ದೇವರ ಕೋಣೆಯಲ್ಲಿ ಹಚ್ಚಿದ ಊದಿನಕಡ್ಡಿಯ ಪರಿಮಳ ಪಡಸಾಲೆಗೆ ಬರಲು ಅಷ್ಟು ಹೊತ್ತೇಕೆ? ಇಂಥದೇ ಆಕ್ಷೇಪವನ್ನು ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ ಎತ್ತಿದ್ದರು. ಕ್ಲಾಸಿಯಸ್ 1858ರಲ್ಲಿ ಕೊಟ್ಟ ಉತ್ತರವೇ ಮುಕ್ತ ಪಥದ ಕಲ್ಪನೆ. ಎರಡು ಡಿಕ್ಕಿಗಳ ನಡುವೆ ಅಣು ಸರಾಸರಿ ಎಷ್ಟು ದೂರ ಹೋಗುತ್ತದೋ ಅದು ಸರಾಸರಿ ಮುಕ್ತ ಪಥ. ಸಾಧಾರಣ ಗಾಳಿಯಲ್ಲಿ ಅದು 10⁻⁷ ಮೀಟರಿನ ಆಸುಪಾಸು. ಅಷ್ಟಷ್ಟು ದೂರಕ್ಕೆ ದಿಕ್ಕು ತಪ್ಪುತ್ತ ಹೋಗುವ ಅಣು ಮುಂದೆ ಸಾಗುವುದು ನಿಧಾನ. ನಿಜವಾಗಿ ಪರಿಮಳವನ್ನು ಬೇಗ ತಂದುಕೊಡುವುದು ಕೋಣೆಯ ಗಾಳಿಯ ಹರಿದಾಟ.

ಸರಾಸರಿ ಮುಕ್ತ ಪಥ = 1 ÷ (√2 × π × ಅಣುವಿನ ವ್ಯಾಸದ ವರ್ಗ × ಘನ ಮೀಟರಿಗೆ ಅಣುಗಳ ಸಂಖ್ಯೆ)

ಉಳಿದ ಅಣುಗಳೂ ಓಡುತ್ತಿರುವುದರಿಂದ √2 ಬರುತ್ತದೆ. ವ್ಯಾಸದ ಜಾಗದಲ್ಲಿ ತ್ರಿಜ್ಯ ಹಾಕುವುದು ಇಲ್ಲಿನ ಮಾಮೂಲಿ ತಪ್ಪು.

ಅರ್ಥವಾಯಿತೇ ಎಂದು ನೋಡಿಕೊಳ್ಳಲು

ಪುಸ್ತಕ ಮುಚ್ಚಿಟ್ಟು ಹಂತ 2ರಿಂದ 4ರವರೆಗೆ ಒಮ್ಮೆ ಬರೆಯಿರಿ. ಆಮೇಲೆ ಈ ಪ್ರಶ್ನೆಯನ್ನು ಬಿಡಿಸಿ: ಶಾಖ ಒಳಗೂ ಹೊರಗೂ ಹೋಗದಂಥ ಮುಚ್ಚಿದ ಡಬ್ಬಿಯಲ್ಲಿ ಹೀಲಿಯಂ ಇದೆ. ಡಬ್ಬಿ ಸೆಕೆಂಡಿಗೆ 30 ಮೀಟರ್ ವೇಗದ ರೈಲಿನಲ್ಲಿ ಸಾಗುತ್ತಿದೆ. ರೈಲಿನ ವೇಗದಿಂದ ಹೀಲಿಯಂ ಬಿಸಿಯಾಗಿದೆಯೇ? ಡಬ್ಬಿಯನ್ನು ಥಟ್ಟನೆ ನಿಲ್ಲಿಸಿದರೆ ಏನಾಗುತ್ತದೆ?

ಮೊದಲನೆಯದಕ್ಕೆ ಉತ್ತರ, ಇಲ್ಲ. ತಾಪಮಾನಕ್ಕೆ ಲೆಕ್ಕವಾಗುವುದು ಅಣುಗಳ ಅಡ್ಡಾದಿಡ್ಡಿ ಚಲನೆ ಮಾತ್ರ, ಎಲ್ಲವೂ ಸೇರಿ ಒಂದೇ ದಿಕ್ಕಿಗೆ ಹೋಗುವುದಲ್ಲ. ಥಟ್ಟನೆ ನಿಲ್ಲಿಸಿದಾಗ ಆ ಒಟ್ಟು ಚಲನೆಯ ಶಕ್ತಿ ಗೋಡೆಗಳಿಗೆ ಬಡಿದು ಚದುರಿ ಅಡ್ಡಾದಿಡ್ಡಿ ಚಲನೆಯಾಗುತ್ತದೆ. ಅದೆಲ್ಲ ಅನಿಲದಲ್ಲೇ ಉಳಿಯಿತೆಂದರೆ, ಒಂದು ಮೋಲಿಗೆ ½ × 0.004 × 900 = 1.8 ಜೌಲ್. ಇದನ್ನು ಹೀಲಿಯಂನ ಉಷ್ಣಧಾರಣೆ 12.5ರಿಂದ ಭಾಗಿಸಿ: ತಾಪಮಾನ ಸುಮಾರು 0.14 ಕೆಲ್ವಿನ್ ಏರುತ್ತದೆ. ಡಬ್ಬಿಯಲ್ಲಿ ಎಷ್ಟು ಮೋಲ್ ಇದೆ ಎಂದು ಪ್ರಶ್ನೆಯಲ್ಲಿ ಹೇಳಿಲ್ಲ ಎಂದು ತಡವರಿಸಬೇಡಿ. ಶಕ್ತಿ ಮತ್ತು ಉಷ್ಣಧಾರಣೆ ಎರಡೂ ಮೋಲ್ ಸಂಖ್ಯೆಗೆ ಅನುಪಾತದಲ್ಲಿರುವುದರಿಂದ ಅದು ಹೊಡೆದುಹೋಗುತ್ತದೆ.